ಶೇಂದ್ರಾಕ್ಕೆ ಕಳಿಸಿದ ಹಿಟ್ಟು

ಗಾರ್ಖೇಡಾ, ಛತ್ರಪತಿ ಸಂಭಾಜಿನಗರ
3 ಆಗಸ್ಟ್ 2025

ಅಣ್ಣನಿಗೆ ಸುಗುಣಾಳ ನಮಸ್ಕಾರ.

ಫೋನು ಬಿಟ್ಟು ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ಶುಕ್ರವಾರದಿಂದ ನಾಲ್ಕು ಸಲ ಫೋನು ಮಾಡಿದೆ. ನಾಲ್ಕು ಸಲವೂ ವೆಬ್‌ಸೈಟು ಹೋಯಿತು ಎನ್ನುವಷ್ಟರಲ್ಲಿ ನೀನು "ಗಿರಾಕಿ ಬಂದ್ರು, ಇಡ್ತೆ" ಎಂದು ಇಟ್ಟುಬಿಟ್ಟೆ. ನಾಶಿಕ್ ರೋಡ್ ಸ್ಟೇಷನ್ನಿಗೆ ಬರುವ ಎಲ್ಲ ರೈಲೂ ನಾನು ಫೋನು ಮಾಡಿದಾಗಲೇ ಬರುತ್ತವೆಯೋ ಏನೋ. ಇ-ಮೇಲ್ ಮಾಡೋಣವೆಂದರೆ ವೆಬ್‌ಸೈಟಿನ ಜೊತೆ ಅದೂ ಕಳುವಾಗಿದೆ.

ಆದದ್ದು ಇಷ್ಟು. ನಾನು ಪುಡಿ ಮಾರುವ ನಮ್ಮ 'ಹೊಳೆಬಾಗಿಲು' ವೆಬ್‌ಸೈಟಿನ ಹೆಸರು, ಡೊಮೇನ್ ಎನ್ನುತ್ತಾರಲ್ಲ, ಅದನ್ನು ಯಾರೋ ಹೊಡೆದಿದ್ದಾರೆ. ಗುರುವಾರ ಬೆಳಿಗ್ಗೆ ಯೇವಲಾದಿಂದ ವಿಶಾಲ ಎಂಬ ಗಿರಾಕಿ ಫೋನು ಮಾಡಿದರು. ಪೈಠಣಿ ಸೀರೆಯ ಅಂಗಡಿಯವರು, ಸೀರೆ ಕೊಂಡವರಿಗೆಲ್ಲ ನನ್ನ ಚಟ್ನಿಪುಡಿಯ ಪೊಟ್ಟಣ ಕೊಡುತ್ತಾರೆ. ದುಡ್ಡು ಕಟ್ಟಿದ್ದೇನೆ, ಪುಡಿ ಯಾವಾಗ ಬರುತ್ತದೆ ಎಂದು ಕೇಳಿದರು. ನನಗೆ ಯಾವ ಆರ್ಡರೂ ಬಂದಿರಲಿಲ್ಲ. ತೆರೆದು ನೋಡಿದರೆ ವೆಬ್‌ಸೈಟು ನಮ್ಮದೇ. ಅಮ್ಮನ ಬೀಸುಕಲ್ಲಿನ ಫೋಟೋ ನಮ್ಮದೇ, ನಾನು ಬರೆದ 'ನಮ್ಮ ಕಥೆ' ಪುಟವೂ ಹಾಗೆಯೇ ಇದೆ. ಕೆಳಗಿನ ಫೋನ್ ನಂಬರು ಮತ್ತು ದುಡ್ಡು ಹೋಗುವ ಖಾತೆ ಮಾತ್ರ ಬೇರೆ ಯಾರದೋ. ನಮ್ಮ ಅಂಗಡಿಯಲ್ಲೇ ಕೂತು ಇನ್ನೊಬ್ಬ ವ್ಯಾಪಾರ ಮಾಡುತ್ತಿದ್ದಾನೆ, ನಾನು ಬೀದಿಯಲ್ಲಿ ನಿಂತು ನೋಡುತ್ತಿದ್ದೇನೆ.

ನಾಲ್ಕು ವರ್ಷದಿಂದ ನನ್ನ ಜೊತೆ ದುಡಿಯುತ್ತ ಈ ವೆಬ್‌ಸೈಟು ನೋಡಿಕೊಳ್ಳುತ್ತಿರುವವಳು ನಿರುಪಮಾ. ನಿನಗೆ ಗೊತ್ತಲ್ಲ, ಧಾರವಾಡದವಳು, ಬ್ಯಾಂಕಿನ ಗುರುರಾಜರ ಹೆಂಡತಿ. ಅವಳು ಎರಡು ದಿನ ಕೂತು ಹುಡುಕಿದಳು. ಜುಲೈ 29ರ ಮಂಗಳವಾರ ಮಧ್ಯಾಹ್ನ ನಮ್ಮ ಹೆಸರನ್ನು ಬೇರೆ ಕಂಪನಿಗೆ ವರ್ಗ ಮಾಡಿಸಿಕೊಂಡಿದ್ದಾರಂತೆ. ಎಂಟು ವರ್ಷದ ಹಿಂದೆ ಇದನ್ನು ಮಾಡಿಸುವಾಗ ಹೋಟೆಲಿನ ಹೆಸರೆಂದು ನಿನ್ನ ಹೆಸರಲ್ಲಿ, ನಿನ್ನ ಮೊಬೈಲ್ ನಂಬರಿಗೆ ನೋಂದಾಯಿಸಿದ್ದೆವು. ವರ್ಗ ಮಾಡಲು ಒಂದು ಒಟಿಪಿ ಬೇಕು. ಅದು ಬರುವುದು ನಿನ್ನ ಫೋನಿಗೆ.

ಆದ್ದರಿಂದ ಕೇಳುತ್ತಿದ್ದೇನೆ. ಆ ಮಂಗಳವಾರ ನಿನ್ನ ಫೋನಿಗೆ ಏನಾದರೂ ಬಂತೆ? ಯಾರಾದರೂ ಅದನ್ನು ಕೇಳಿದರೇ? ದೀಪಾವಳಿಗೆ ಎರಡೂವರೆ ತಿಂಗಳಿದೆ. ವರ್ಷದ ಅರ್ಧ ವ್ಯಾಪಾರ ಆ ಒಂದು ತಿಂಗಳಲ್ಲಿ ಆಗುತ್ತದೆ. ಅಷ್ಟರೊಳಗೆ ಹೆಸರು ಕೈಗೆ ಬರದಿದ್ದರೆ ನಾನು ಒಲೆ ಆರಿಸಿ ಕೂರಬೇಕು. ಬೇಗ ಬರೆ.

ನಿನ್ನ ತಂಗಿ
ಸುಗುಣಾ


ಹೋಟೆಲ್ ಹೊಳೆಬಾಗಿಲು, ನಾಶಿಕ್ ರೋಡ್
7 ಆಗಸ್ಟ್ 2025

ಸುಗುಣಾಳಿಗೆ ಮೋಹನದಾಸನ ಆಶೀರ್ವಾದ.

ಕಾಗದ ನಿನ್ನೆ ಬಂತು. ಇಲ್ಲಿ ಶ್ರಾವಣ, ಉಪವಾಸದವರ ಗದ್ದಲ. ಸಾಬೂದಾಣೆ ಖಿಚಡಿಗೆ ಬೆಳಿಗ್ಗೆ ಏಳಕ್ಕೇ ಸಾಲು ನಿಲ್ಲುತ್ತದೆ. ಅಡುಗೆಯ ಪ್ರಭಾಕರ ನಿನ್ನೆ ರಜೆ ಹಾಕಿದ್ದರಿಂದ ಇನ್ನಷ್ಟು ತಾಪತ್ರಯವಾಯಿತು. ಫೋನು ಇಟ್ಟದ್ದಕ್ಕೆ ಸಿಟ್ಟು ಮಾಡಿಕೊಳ್ಳಬೇಡ.

ನನ್ನ ಫೋನಿಗೆ ದಿನಕ್ಕೆ ನೂರು ಮೆಸೇಜು ಬರುತ್ತದೆ. ಗ್ಯಾಸಿನವನದ್ದು, ಬ್ಯಾಂಕಿನದ್ದು, ಸಾಲ ಬೇಕೇ ಎನ್ನುವವರದ್ದು. ಯಾವುದನ್ನು ನೋಡಲಿ? ಫೋನು ಗಲ್ಲಾಪೆಟ್ಟಿಗೆಯ ಮೇಲೆ ಬಿದ್ದಿರುತ್ತದೆ. ಮಂಗಳವಾರ ವಿಶೇಷವೇನೂ ನೆನಪಿಲ್ಲ. ಈ ಊರಿನಲ್ಲಿ ಮೂವತ್ತನಾಲ್ಕು ವರ್ಷದಿಂದ ಹೋಟೆಲು ನಡೆಸುತ್ತಿರುವವನು ನಾನು. ಒಟಿಪಿ ಯಾರಿಗೂ ಹೇಳಬೇಡಿ ಎಂದು ನಮ್ಮ ಹೋಟೆಲಿನವರ ಗ್ರೂಪಿಗೆ ಮೊದಲು ಕಳಿಸಿದವನೂ ನಾನೇ. ನನ್ನನ್ನು ಕೇಳುವ ಮೊದಲು ಇದನ್ನು ನೀನು ಯೋಚಿಸಬೇಕಿತ್ತು.

ಒಂದು ಮಾತು ಹೇಳುತ್ತೇನೆ, ಬೇಸರಿಸಬೇಡ. ಪಾಸ್‌ವರ್ಡು ಯಾರ ಕೈಯಲ್ಲಿತ್ತು? ಮನೆಯವರಲ್ಲದವರ ಕೈಗೆ ಕೀಲಿ ಕೊಟ್ಟರೆ ಒಂದಲ್ಲ ಒಂದು ದಿನ ಹೀಗಾಗುತ್ತದೆ. ಆ ಹೆಂಗಸು ಎರಡು ದಿನ ಕೂತು ಹುಡುಕಿದಳು ಎನ್ನುತ್ತೀ. ಇಟ್ಟವರಿಗೆ ಹುಡುಕುವುದು ಕಷ್ಟವೇ? ನಾನು ಯಾರ ಮೇಲೂ ಬೆರಳು ತೋರಿಸುತ್ತಿಲ್ಲ. ಸುಮ್ಮನೆ ಹೇಳಿದೆ.

ಇನ್ನೊಂದು ವಿಷಯ. ನಿನ್ನ ಊರಿನ ಪಕ್ಕದ ಶೇಂದ್ರಾದಲ್ಲಿ, ಫ್ಯಾಕ್ಟರಿಗಳ ಕಡೆ, ನಮ್ಮವರದ್ದು ಯಾರದ್ದಾದರೂ ಹೊಸ ಹೋಟೆಲು ಶುರುವಾಗಿದೆಯೇ? ಗೊತ್ತಿದ್ದರೆ ತಿಳಿಸು. ಅವಸರವೇನಿಲ್ಲ.

ಮೋಹನದಾಸ


ಗಾರ್ಖೇಡಾ
16 ಆಗಸ್ಟ್ 2025

ಅಣ್ಣನಿಗೆ,

ಇಲ್ಲಿ ನನ್ನ ತಲೆಯ ಮೇಲೆ ಆಕಾಶ ಬಿದ್ದಿದೆ, ನಿನಗೆ ಶೇಂದ್ರಾದಲ್ಲಿ ಯಾರ ಹೋಟೆಲು ಎಂಬ ಚಿಂತೆ. ಕ್ಯಾಂಟೀನಿಗೆ ಪುಡಿ ಕೊಡಲು ನಾನು ವಾರವಾರ ಅಲ್ಲಿಗೆ ಹೋಗುವವಳು. ಯಾವ ಹೊಸ ಹೋಟೆಲೂ ಇಲ್ಲ. ಆಯಿತೆ?

ನಿನ್ನ ಕಾಗದವನ್ನು ಮೂರು ದಿನ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದೆ. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ಒಂದೊಂದೇ ನೆನಪಾಯಿತು. ಜೂನಿನಲ್ಲಿ ನಿರುಪಮಾ ನನಗೆ ಏನು ಹೇಳಿದ್ದಳು ಗೊತ್ತೆ? "ಈ ಹೆಸರು ನಿಮ್ಮಣ್ಣಾರ ನಂಬರಿನ ಮ್ಯಾಲೆ ಇರೋದು ಛಲೋ ಅಲ್ರಿ, ನಿಮ್ಮ ಹೆಸರಿಗೆ ಮಾಡಸೂಣು, ಎರಡು ಬೀಗ ಹಾಕೂಣು" ಎಂದು ಬೆನ್ನು ಬಿದ್ದಿದ್ದಳು. ಆಗ ನಾನು, ಅಣ್ಣನ ಹೆಸರಲ್ಲಿದ್ದರೆ ಏನು ಕಡಿಮೆಯಾಗುತ್ತದೆ ಎಂದು ಬಾಯಿ ಮುಚ್ಚಿಸಿದ್ದೆ. ಅವಳ ಮುಖ ಸಣ್ಣದಾಗಿತ್ತು. ಈಗ ಯೋಚಿಸಿದರೆ, ಅವಳಿಗೆ ಬೇಕಾಗಿದ್ದದ್ದೇ ಇದು ಎನಿಸುತ್ತದೆ.

ಬುಧವಾರ ಅವಳು ಬಂದಾಗ ಎಲ್ಲ ಪಾಸ್‌ವರ್ಡುಗಳನ್ನು ಬರೆದುಕೊಡು, ಪುಡಿ ಮಾಡುವ ಮನೆಯ ಕೀಲಿಯನ್ನೂ ಕೊಡು ಎಂದೆ. ಕಾರಣ ನಾನು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಒಂದು ಹಾಳೆಯಲ್ಲಿ ಎಲ್ಲವನ್ನೂ ಕನ್ನಡದಲ್ಲಿ, ಮಗುವಿಗೆ ಬರೆದಂತೆ ದೊಡ್ಡ ಅಕ್ಷರದಲ್ಲಿ ಬರೆದಳು. ಕೀಲಿಯನ್ನು ಹಾಳೆಯ ಮೇಲೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದಳು. ತಪ್ಪು ಮಾಡದವಳಾದರೆ ಯಾಕೆ ಎಂದು ಕೇಳುತ್ತಿದ್ದಳಲ್ಲವೆ? ಒಂದು ಮಾತಾದರೂ ಆಡುತ್ತಿದ್ದಳಲ್ಲವೆ? ಹೋದ ಮೇಲೆ ನಾನು ಒಲೆಯ ಮುಂದೆ ಕೂತು ಅತ್ತೆ, ಯಾಕೆಂದು ನನಗೇ ತಿಳಿಯಲಿಲ್ಲ.

ಸೈಬರ್ ಠಾಣೆಯಲ್ಲಿ ದೂರು ಬರೆದುಕೊಂಡಿದ್ದಾರೆ. ಅಲ್ಲಿಯ ಹೆಣ್ಣುಮಗಳು ಸಮಾಧಾನದಿಂದಲೇ ಕೇಳಿಸಿಕೊಂಡಳು. ಆದರೆ ಎಲ್ಲರೂ ಕೊನೆಗೆ ಕೇಳುವುದು ಒಂದೇ, ನೋಂದಣಿ ಯಾರ ಹೆಸರಲ್ಲಿದೆ, ಅವರು ಏನು ಹೇಳುತ್ತಾರೆ? ಹೆಸರು ನೋಂದಾಯಿಸಿದ್ದ ಕಂಪನಿಯೂ ಹಾಗೆಯೇ ಕೇಳಿದೆ. ಆ ದಿನ ಒಟಿಪಿ ಬಂದಿತ್ತೇ, ಯಾರಾದರೂ ಫೋನು ಮಾಡಿ ಕೇಳಿದ್ದರೇ ಎಂದು ನೀನು ಬರೆದು ಸಹಿ ಮಾಡಿ ಕೊಡಬೇಕು. ಹೆಸರು ಹೋದ ದಿನದಿಂದ ಅರವತ್ತು ದಿನದೊಳಗೆ, ಅಂದರೆ ಸೆಪ್ಟೆಂಬರ್ 27ರೊಳಗೆ ಎಲ್ಲ ಮುಗಿಯಬೇಕಂತೆ. ಫಾರಂ ಇದರ ಜೊತೆಗಿದೆ. ಇದ್ದದ್ದನ್ನು ಇದ್ದ ಹಾಗೆ ಬರೆ.

ಸುಗುಣಾ


ನಾಶಿಕ್ ರೋಡ್
25 ಆಗಸ್ಟ್ 2025

ಸುಗುಣಾಳಿಗೆ,

ಫಾರಂ ತುಂಬಿ ಸಹಿ ಮಾಡಿ ಕಳಿಸಿದ್ದೇನೆ. ಸದರಿ ದಿನ ತನಗೆ ಯಾವುದೇ ಕರೆ ಬಂದಿರುವುದಿಲ್ಲ, ತಾನು ಯಾರಿಗೂ ಯಾವುದೇ ಸಂಖ್ಯೆಯನ್ನು ತಿಳಿಸಿರುವುದಿಲ್ಲ ಎಂದು ವಕೀಲರ ಭಾಷೆಯಲ್ಲಿ ಬರೆಸಿದ್ದೇನೆ. ಇಷ್ಟು ಸಾಕೆಂದು ಭಾವಿಸುತ್ತೇನೆ.

ನಾಡಿದ್ದು ಚೌತಿ. ಮೋದಕದ ಕೆಲಸ ತುಂಬ ಇದೆ.

ಕೀಲಿ ತೆಗೆದುಕೊಂಡದ್ದು ಸರಿ. ಅಷ್ಟಕ್ಕೇ ಬಿಡು. ಆಕೆಯನ್ನು ಠಾಣೆಗೆ ಗೀಣೆಗೆ ಎಳೆಯಬೇಡ. ಗಂಡ ಬ್ಯಾಂಕಿನಲ್ಲಿರುವವರು, ಮರ್ಯಾದಸ್ಥರು. ಹೋದದ್ದು ಹೋಯಿತು ಎಂದುಕೊಂಡು ಬೇರೆ ಹೆಸರಲ್ಲಿ ಹೊಸ ವೆಬ್‌ಸೈಟು ಮಾಡಿಸು. ಖರ್ಚು ನಾನು ಕೊಡುತ್ತೇನೆ.

ಮೋಹನದಾಸ


ಗಾರ್ಖೇಡಾ
9 ಸೆಪ್ಟೆಂಬರ್ 2025

ಅಣ್ಣನಿಗೆ,

ಬೇರೆ ಹೆಸರಂತೆ. ನಾಳೆ ನಾನು ಬಂದು ನಿನ್ನ ಹೋಟೆಲಿನ ಬೋರ್ಡು ಕಿತ್ತು, ಬೇರೆ ಬರೆಸಿಕೋ, ಖರ್ಚು ಕೊಡುತ್ತೇನೆ ಎಂದರೆ ನಿನಗೆ ಹೇಗಾಗುತ್ತದೆ? ಹನ್ನೊಂದು ವರ್ಷ ಈ ಹೆಸರಲ್ಲಿ ಮೆಣಸು ಹುರಿದು ಕೆಮ್ಮಿದ್ದೇನೆ. ಅದನ್ನು ಯಾರಿಗೋ ಬಿಟ್ಟುಕೊಡಲು ನಾನು ತಯಾರಿಲ್ಲ.

ಕಂಪನಿಯ ಉತ್ತರ ಬಂದಿದೆ. ಮಂಗಳವಾರ ಮಧ್ಯಾಹ್ನ ಮೂರೂ ಹತ್ತಕ್ಕೆ ನಿನ್ನ ನಂಬರಿಗೆ ಒಟಿಪಿ ಹೋಗಿದೆ, ಎರಡೇ ನಿಮಿಷದಲ್ಲಿ ಅದನ್ನು ಹಾಕಲಾಗಿದೆ, ಅದು ಅವರ ದಾಖಲೆಯಲ್ಲಿದೆ. ಮಾಲೀಕರಿಗೆ ಯಾರೋ ಮೋಸ ಮಾಡಿ ಸಂಖ್ಯೆ ಪಡೆದಿದ್ದರೆ ಅದು ವಂಚನೆ, ಆಗ ಅವರು ಆ ಕಡೆಯ ಕಂಪನಿಯಿಂದ ಹೆಸರನ್ನು ವಾಪಸು ಎಳೆಯಬಲ್ಲರು. ಆದರೆ ಮಾಲೀಕರೇ ತನಗೆ ಕರೆ ಬಂದಿಲ್ಲ, ಯಾರಿಗೂ ಹೇಳಿಲ್ಲ ಎಂದು ಸಹಿ ಮಾಡಿರುವುದರಿಂದ, ಇದು ಪಾಸ್‌ವರ್ಡು ಇದ್ದ ನಿಮ್ಮವರೇ ಮಾಡಿದ ಕೆಲಸ. ಪಾಲುದಾರರ ಒಳಜಗಳದಲ್ಲಿ ತಾವು ತಲೆ ಹಾಕುವುದಿಲ್ಲ, ಕೋರ್ಟಿಗೆ ಹೋಗಿ ಎಂದಿದ್ದಾರೆ. 27ರ ತನಕ ಹೊಸ ಆಧಾರವೇನೂ ಬರದಿದ್ದರೆ ಫೈಲು ಮುಚ್ಚುತ್ತಾರಂತೆ.

ಹಾಗಾಗಿ ನೀನು ಬೇಡವೆಂದದ್ದನ್ನು ನಾನು ಮಾಡಿದೆ. ನಿರುಪಮಾಳ ಹೆಸರನ್ನು ಠಾಣೆಗೆ ಕೊಟ್ಟೆ. ಅವಳನ್ನು ಎರಡು ಸಲ ಕರೆಸಿ ಕೇಳಿದರು. ಆ ಮಂಗಳವಾರ ನಿನ್ನ ಗಲ್ಲಾಪೆಟ್ಟಿಗೆಯ ಹತ್ತಿರ ಅವಳ ಕಡೆಯವರು ಯಾರಾದರೂ ಬಂದು ಫೋನು ನೋಡಿರಬಹುದೇ ಎಂದು ಅವರಿಗೆ ಅನುಮಾನ.

ಶನಿವಾರ ಗುರುರಾಜ ಬಂದಿದ್ದರು. ಒಳಗೆ ಕರೆದರೂ ಬರಲಿಲ್ಲ, ಬಾಗಿಲಲ್ಲೇ ನಿಂತರು. ಮುಂದಿನ ತಿಂಗಳಿಂದ ಅವರಿಗೆ ನಾಶಿಕ್ಕಿಗೆ ವರ್ಗವಾಗಿದೆಯಂತೆ. ಬ್ಯಾಂಕಿನಲ್ಲಿ ಸುದ್ದಿ ಹಬ್ಬಿ, ಮ್ಯಾನೇಜರು ಕರೆದು ಕೇಳಿದರಂತೆ. ದನಿ ಏರಿಸದೆ ಮಾತಾಡಿದರು. "ಅಕ್ಕಾರ, ನಾ ಜಗಳಕ್ಕ ಬಂದಿಲ್ರಿ. ನಾಕು ವರ್ಷ ಆಕಿ ನಿಮ್ಮ ಮನೀ ಅಂತ ದುಡದಾಳ್ರಿ. ಆಕಿ ಊಟಾ ಬಿಟ್ಟಾಳ್ರಿ." ಇಷ್ಟು ಹೇಳಿ ಕೈ ಮುಗಿದು ಹೋದರು. ಅವರು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಇತ್ತ ವ್ಯಾಪಾರ ಮಣ್ಣುಪಾಲಾಗಿದೆ. ಪೈಠಣದಿಂದ ಒಬ್ಬಳು ಫೋನು ಮಾಡಿ ನನ್ನನ್ನು ಕಳ್ಳಿ ಎಂದಳು. ನನ್ನದೇ ವೆಬ್‌ಸೈಟಿನಲ್ಲಿ ದುಡ್ಡು ಕಟ್ಟಿದ್ದಾಳೆ, ಅವಳ ತಪ್ಪಾದರೂ ಏನು? ಶೇಂದ್ರಾದ ಕ್ಯಾಂಟೀನಿನವರು ಎಲ್ಲ ಸರಿಯಾದ ಮೇಲೆ ಬನ್ನಿ ಎಂದಿದ್ದಾರೆ. ನಿರುಪಮಾ ಅಲ್ಲ ಎಂದು ಒಳಗೆ ಯಾವುದೋ ದನಿ ಹೇಳುತ್ತದೆ. ಆದರೆ ಅವಳಲ್ಲದಿದ್ದರೆ ಮತ್ತೆ ಯಾರು? ಒಂದು ಕಡೆ ಅವಳ ಮೌನ, ಇನ್ನೊಂದು ಕಡೆ ನೀನು ಬರೆದುಕೊಟ್ಟ ಕಾಗದ. ನಾನು ನಿನ್ನ ಕಾಗದವನ್ನು ನಂಬಿದ್ದೇನೆ ಅಣ್ಣ. ಬೇರೆ ಯಾವುದನ್ನು ನಂಬಲಿ?

ಸುಗುಣಾ


ನಾಶಿಕ್ ರೋಡ್
13 ಸೆಪ್ಟೆಂಬರ್ 2025

ಸುಗುಣಾ,

ನಿರುಪಮಾ ಏನೂ ಮಾಡಿಲ್ಲ. ಒಟಿಪಿ ಹೇಳಿದವನು ನಾನು.

ಮೊದಲೇ ಇದನ್ನು ಬರೆದುಬಿಟ್ಟಿದ್ದೇನೆ, ಯಾಕೆಂದರೆ ಕೆಳಗೆ ಎಲ್ಲೋ ಬರೆಯುತ್ತೇನೆ ಎಂದರೆ ಅಷ್ಟರಲ್ಲಿ ಇನ್ನೊಂದು ನೆಪ ಸಿಗುತ್ತದೆ. ಎರಡು ಕಾಗದ ಹಾಗೆ ಬರೆದು ಹರಿದೆ.

ಆ ಮಂಗಳವಾರ ಮೂರು ಗಂಟೆಗೆ, ಹೋಟೆಲು ಖಾಲಿ ಇರುವ ಹೊತ್ತಿಗೆ, ಫೋನು ಬಂತು. ನರಹರಿಯ ಮಗ ಎಂದ. ನಮ್ಮಲ್ಲಿ ಹದಿನಾಲ್ಕು ವರ್ಷ ದೋಸೆಕಲ್ಲಿನ ಮುಂದೆ ನಿಂತು, ಆಮೇಲೆ ಜಾಲನಾದಲ್ಲಿ ಸ್ವಂತ ಹೋಟೆಲು ಇಟ್ಟ ನರಹರಿ. ಎರಡು ವರ್ಷದ ಹಿಂದೆ ತೀರಿಕೊಂಡನಲ್ಲ, ಅವನ ಮಗ. ಮಾತು ಪೂರಾ ಮರಾಠಿ. "ಕಾಕಾ, ಕನ್ನಡ ಸಮಜತೇ, ಬೋಲತಾ ಯೇತ ನಾಹೀ" ಎಂದ. ನನಗೆ ಅನುಮಾನ ಬರಲಿಲ್ಲ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳೆಲ್ಲ ಹೀಗೆಯೇ ಅಲ್ಲವೆ, ಕನ್ನಡ ತಿಳಿಯುತ್ತದೆ, ಆಡಲು ಬರುವುದಿಲ್ಲ. ಪಾಪ, ಅಪ್ಪ ಕಲಿಸುವಷ್ಟರಲ್ಲಿ ಹೋದನಲ್ಲ ಎಂದುಕೊಂಡೆ.

ಶೇಂದ್ರಾದಲ್ಲಿ ಹೋಟೆಲು ಇಡುತ್ತಿದ್ದೇನೆ, ಆಗಸ್ಟ್ ಆರಕ್ಕೆ ಮುಹೂರ್ತ, ಅಪ್ಪನಿಗೆ ಕೊಟ್ಟಂತೆ ನನಗೂ ಹೊಳೆಬಾಗಿಲಿನ ಹೆಸರು ಕೊಡಿ ಎಂದ. ನಮ್ಮ ಪದ್ಧತಿ ನಿನಗೆ ಗೊತ್ತು. ನಮ್ಮಲ್ಲಿ ದುಡಿದವನು ಸ್ವಂತಕ್ಕೆ ಇಡುತ್ತೇನೆ ಎಂದು ವೀಳ್ಯ ಹಿಡಿದು ಬಂದರೆ ಅಪ್ಪ ಇಲ್ಲ ಎಂದದ್ದಿಲ್ಲ, ನಾನೂ ಎಂದದ್ದಿಲ್ಲ. ಹೆಸರನ್ನೂ ಕೊಡುತ್ತೇವೆ, ಮೊದಲ ದಿನದ ದೋಸೆಗೆ ನಮ್ಮ ಹಿಟ್ಟನ್ನೂ ಕಳಿಸುತ್ತೇವೆ. ಹನ್ನೊಂದು ಮಂದಿಗೆ ಕಳಿಸಿದ್ದೇನೆ. ಆಗಲಿ ಮಗ ಎಂದೆ. ಹಾಗಾದರೆ ನಿಮ್ಮ ವೆಬ್‌ಸೈಟಿನಲ್ಲಿ ನಮ್ಮ ಶಾಖೆಯನ್ನೂ ಸೇರಿಸಬೇಕು, ನಿಮಗೊಂದು ನಂಬರು ಬರುತ್ತದೆ, ಓದಿ ಹೇಳಿ, ಅದು ನಿಮ್ಮ ಆಶೀರ್ವಾದ ಎಂದ. ಕನ್ನಡಕ ಹುಡುಕಿ, ಒಂದೊಂದೇ ಅಂಕಿ ಬಿಡಿಸಿ, ಎರಡು ಸಲ ಓದಿ ಹೇಳಿದೆ. ಹಿಟ್ಟಿಗೆ ಅಕ್ಕಿ ಎಷ್ಟು ನೆನೆಸಲಿ ಎಂದು ನಾನೇ ಕೇಳಿದೆ.

ಅವನಿಗೆ ಇದೆಲ್ಲ ಹೇಗೆ ಗೊತ್ತಾಯಿತು ಎಂದು ಈಗ ತಿಳಿಯಿತು. 'ನಮ್ಮ ಕಥೆ' ಪುಟದಲ್ಲಿ ನರಹರಿಯ ಫೋಟೋ ಇದೆ, ಜಾಲನಾ ಇದೆ, ಅವನು ತೀರಿಕೊಂಡದ್ದು ಇದೆ, ವೀಳ್ಯದ ಪದ್ಧತಿ, ಹಿಟ್ಟಿನ ಪದ್ಧತಿ ಎಲ್ಲ ಇದೆ. ನೀನು ಪ್ರೀತಿಯಿಂದ ಬರೆದದ್ದು. ನಾನು ಅದನ್ನು ಗಿರಾಕಿಗಳಿಗೆ ಓದಿ ಹೇಳುತ್ತಿದ್ದೆ.

ಆಗಸ್ಟ್ ಒಂದಕ್ಕೆ ನೀನು ಫೋನು ಮಾಡಿ ವೆಬ್‌ಸೈಟು ಹೋಯಿತು ಎಂದೆಯಲ್ಲ, ಆಗಲೇ ನನಗೆ ಆ ಕರೆ ನೆನಪಾಯಿತು. ಅದಕ್ಕೇ ಫೋನು ಇಡುತ್ತಿದ್ದೆ. ಗಿರಾಕಿ ಯಾರೂ ಇರಲಿಲ್ಲ. ಆರನೇ ತಾರೀಕು ಪ್ರಭಾಕರನ ಕೈಯಲ್ಲಿ ಎರಡು ದೊಡ್ಡ ಡಬ್ಬ ಹಿಟ್ಟು ಕೊಟ್ಟು ಬೆಳಗಿನ ಮೊದಲ ಬಸ್ಸಿಗೆ ಶೇಂದ್ರಾಕ್ಕೆ ಕಳಿಸಿದೆ. ನಂಬಿಕೆಯಿಂದ ಕಳಿಸಿದ್ದಲ್ಲ, ಹೆದರಿಕೆಯಿಂದ. ಅಲ್ಲಿ ಒಂದು ಹೋಟೆಲು ಇರಲಿ, ಬಾಗಿಲಿಗೆ ತೋರಣ ಕಟ್ಟಿರಲಿ ಎಂದು ಹರಕೆ ಹೊತ್ತಂತೆ ಕಾದೆ. ಅವನು ಫ್ಯಾಕ್ಟರಿ ಫ್ಯಾಕ್ಟರಿಗಳ ನಡುವೆ ಸಂಜೆಯವರೆಗೆ ಡಬ್ಬ ಹೊತ್ತು ತಿರುಗಿದ. ಹಿಟ್ಟು ಉಕ್ಕಿ ಅಂಗಿಯೆಲ್ಲ ಹುಳಿ ವಾಸನೆ. ನಿನ್ನ ಮನೆಗೆ ಅಲ್ಲಿಂದ ಅರ್ಧ ಗಂಟೆ ದಾರಿ. ಹೋಗಲೇ ಎಂದು ಫೋನು ಮಾಡಿ ಕೇಳಿದ. ಬೇಡ, ಅಲ್ಲೇ ಚೆಲ್ಲಿ ಬಾ ಎಂದೆ. ನಿನಗೆ ರಜೆ ಹಾಕಿದ್ದಾನೆ ಎಂದು ಬರೆದೆ. ಆ ದಿನದಿಂದ ಅವನು ನನ್ನ ಮುಖ ನೋಡಿ ಮಾತಾಡುವುದಿಲ್ಲ.

ಯಾಕೆ ಸುಳ್ಳು ಹೇಳಿದೆ ಎಂದು ಕೇಳಬೇಡ. ಅರವತ್ತು ಮಂದಿಗೆ ಬುದ್ಧಿ ಹೇಳುವ ಮೆಸೇಜು ಕಳಿಸಿದವನು, ಮಕ್ಕಳ ಹಾಗೆ ಮೋಸಹೋದೆ ಎಂದು ನಿನ್ನ ಮುಂದೆ ಹೇಗೆ ಹೇಳಲಿ? ನಾಚಿಕೆಯಾಯಿತು. ಹತ್ತಿರದಲ್ಲಿ ಇನ್ನೊಬ್ಬರ ಹೆಸರಿತ್ತು, ಅದನ್ನು ಮುಂದೆ ತಳ್ಳಿದೆ. ಅದು ಅಷ್ಟು ದೂರ ಹೋಗುತ್ತದೆ ಎಂದುಕೊಂಡಿರಲಿಲ್ಲ ಎಂದೂ ಬರೆಯಲಾರೆ. ಹೋಗುತ್ತದೆ ಎಂದು ಗೊತ್ತಿದ್ದೂ ಕಣ್ಣು ಮುಚ್ಚಿಕೊಂಡೆ. ಆಕೆ ಊಟ ಬಿಟ್ಟಿದ್ದಾಳೆ ಎಂದು ನಿನ್ನ ಕಾಗದದಲ್ಲಿ ಓದಿದ ಮೇಲೆ, ಎಲೆ ಹಾಕಿಕೊಂಡು ಕೂತವನು ಹಾಗೇ ಎದ್ದೆ.

ಇವತ್ತು ಬೆಳಿಗ್ಗೆ ಇಲ್ಲಿಯ ಸೈಬರ್ ಠಾಣೆಗೆ ಹೋಗಿ ಎಲ್ಲ ಹೇಳಿ ಬಂದೆ. ಕರೆ ಬಂದ ನಂಬರು ಫೋನಿನಲ್ಲಿ ಇನ್ನೂ ಇತ್ತು. ಹೇಳಿಕೆಯ ಪ್ರತಿ, ಕಂಪನಿಗೆ ಬೇರೆ ಕಾಗದ, ಪ್ರಭಾಕರನ ಸಹಿ, ಎಲ್ಲ ಇದರೊಳಗಿದೆ. ಹಿಂದಿನ ಹೇಳಿಕೆ ಸುಳ್ಳು ಎಂದು ವಕೀಲರ ಭಾಷೆ ಬಿಟ್ಟು ನನ್ನ ಕೈಯಾರೆ ಬರೆದಿದ್ದೇನೆ.

ಮೋಹನದಾಸ


ಗಾರ್ಖೇಡಾ
18 ಸೆಪ್ಟೆಂಬರ್ 2025

ಕಾಗದಗಳು ತಲುಪಿದವು. ಕಂಪನಿಗೂ ಠಾಣೆಗೂ ಕೊಟ್ಟಿದ್ದೇನೆ. ಫೋನು ಮಾಡಬೇಡ. ಈಗ ನಿನ್ನ ದನಿ ಕೇಳಿದರೆ ನಾನು ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ.

ಸುಗುಣಾ


ಗಾರ್ಖೇಡಾ
27 ಅಕ್ಟೋಬರ್ 2025

ಅಣ್ಣನಿಗೆ,

ಹೆಸರು ವಾಪಸು ಬಂತು. ಹದಿನಾಲ್ಕರಂದು, ದೀಪಾವಳಿಗೆ ಆರು ದಿನ ಇರುವಾಗ. ಅಷ್ಟೊತ್ತಿಗೆ ಎಲ್ಲರೂ ಬೇರೆ ಕಡೆ ಕೊಂಡಾಗಿತ್ತು. ಹೊಸ ಮೆಣಸು ಚೀಲದಲ್ಲೇ ಇದೆ. ಯೇವಲಾದ ವಿಶಾಲರಿಗೂ ಪೈಠಣದವಳಿಗೂ ನನ್ನ ಕಡೆಯಿಂದ ಪುಡಿ ಕಳಿಸಿದೆ. ವಿಶಾಲರು ಮುಂದಿನ ವರ್ಷ ನೋಡೋಣ ಎಂದರು. ಫೋನು ಮಾಡಿದ ಕಳ್ಳನ ಸುಳಿವು ಇಲ್ಲ.

ಕಂಪನಿಯವರು ಹೇಳಿದಂತೆ ಈಗ ಎಲ್ಲ ನನ್ನ ಹೆಸರಿಗೆ ಮಾಡಿಸಿದ್ದೇನೆ, ಎರಡು ಬೀಗ ಹಾಕಿದ್ದೇನೆ. ನಿರುಪಮಾ ಜೂನಿನಲ್ಲಿ ಹೇಳಿದ್ದು ಇದನ್ನೇ. 'ನಮ್ಮ ಕಥೆ' ಪುಟದಿಂದ ನರಹರಿಯ ವಿವರ ತೆಗೆದೆ. ಒಳ್ಳೆಯದು ಮಾಡಿದ್ದನ್ನು ಬರೆದುಕೊಳ್ಳಲೂ ಹೆದರಬೇಕಾದ ಕಾಲ.

ನಿನ್ನ ಮೇಲೆ ನನಗೆ ಸಿಟ್ಟು ಇದೆ. ಮೋಸಹೋದದ್ದಕ್ಕಲ್ಲ. ಅವನು ಅಷ್ಟು ಚೆನ್ನಾಗಿ ಕೇಳಿದ್ದರೆ ನಾನೂ ಕೊಡುತ್ತಿದ್ದೆನೋ ಏನೋ. ಆರು ವಾರ ನನ್ನನ್ನು ಅವಳ ಮೇಲೆ ಛೂ ಬಿಟ್ಟು, ನೀನು ಮೋದಕ ಮಾಡಿಸುತ್ತ ಕೂತೆ. ಅದಕ್ಕೆ ಸಿಟ್ಟು.

ಠಾಣೆಯವರು ನಿರುಪಮಾಳನ್ನು ಬಿಟ್ಟು ಕೈ ತೊಳೆದುಕೊಂಡರು. ತಪ್ಪಾಯಿತು ಎಂದು ನಾನು ಮೆಸೇಜು ಕಳಿಸಿದೆ. ಉತ್ತರ ಬರಲಿಲ್ಲ. ತಿಂಗಳ ಮೊದಲ ವಾರ ಸಾಮಾನು ಕಟ್ಟಿಕೊಂಡು ಹೋದರು. ನಾನು ಬಾಲ್ಕನಿಯಿಂದ ಟೆಂಪೋ ನೋಡಿದೆ, ಕೆಳಗಿಳಿಯಲಿಲ್ಲ.

ಈಗ ಮುಖ್ಯ ವಿಷಯ. ನಿನ್ನೆ ವೆಬ್‌ಸೈಟಿನಲ್ಲಿ ಒಂದು ಆರ್ಡರು ಬಂತು. ಹೆಸರು ವಾಪಸು ಬಂದ ಮೇಲೆ ಮೊದಲನೆಯದು. ಮೆಂತೆಹಿಟ್ಟು ಎರಡು, ಚಟ್ನಿಪುಡಿ ಒಂದು. ಹೆಸರು ನಿರುಪಮಾ ಗುರುರಾಜ, ವಿಳಾಸ ಇಂದಿರಾನಗರ, ನಾಶಿಕ್. ಅಂಗಡಿಯ ಬೆಲೆ ಪೂರಾ ಕಟ್ಟಿದ್ದಾಳೆ, ಯಾರೋ ಗುರುತಿಲ್ಲದವರ ಹಾಗೆ. ನಾಲ್ಕು ವರ್ಷ ನನ್ನ ಒಲೆಯ ಮುಂದೆ ನಿಂತು ಮೆಂತೆ ಹುರಿದವಳು. ಅದನ್ನು ನೋಡಿದ್ದೇ ನನಗೆ ಅಳು ತಡೆಯಲಾಗಲಿಲ್ಲ.

ಇದನ್ನು ಕೊರಿಯರಿಗೆ ಹಾಕಲು ಮನಸ್ಸಿಲ್ಲ. ಪೊಟ್ಟಣವನ್ನು ಈ ಕಾಗದದ ಜೊತೆ ನಿನಗೆ ಕಳಿಸುತ್ತಿದ್ದೇನೆ. ನೀನು ಹೋಗಿ ಅವಳ ಕೈಗೆ ಕೊಡು. ಪ್ರಭಾಕರನನ್ನು ಕಳಿಸಬೇಡ. ನೀನು ಬರೆದದ್ದನ್ನೆಲ್ಲ ಅವಳ ಮುಂದೆ ಬಾಯಿಬಿಟ್ಟು ಹೇಳು. ಏನಾಯಿತೆಂದು ನನಗೆ ಬರೆ.

ಸುಗುಣಾ


ನಾಶಿಕ್ ರೋಡ್
3 ನವೆಂಬರ್ 2025

ಪ್ರೀತಿಯ ಸುಗುಣಾ,

ನಿನ್ನೆ ಭಾನುವಾರ ಹೋಗಿದ್ದೆ. ಮೂರನೇ ಮಹಡಿ. ಹತ್ತುವಾಗ ಎರಡು ಸಲ ನಿಂತೆ, ಮಂಡಿಯ ನೋವಿಗೆ ಎಂದು ನನಗೆ ನಾನೇ ಹೇಳಿಕೊಂಡೆ.

ಗುರುರಾಜರು ಬಾಗಿಲು ತೆರೆದರು. ಯಾರೆಂದು ಹೇಳಿದೆ. ಬರ್ರಿ ಎಂದರು. ನಿರುಪಮಾ ಅವರನ್ನು ನಾನು ಹಿಂದೆ ನೋಡಿದ್ದು ಒಂದೇ ಸಲ, ನಿನ್ನ ಮನೆಯ ಸತ್ಯನಾರಾಯಣ ಪೂಜೆಯಲ್ಲಿ. ಈಗ ಇಳಿದುಹೋಗಿದ್ದಾರೆ. ಪೊಟ್ಟಣ ಮೇಜಿನ ಮೇಲಿಟ್ಟು, ನಿಂತೇ ಹೇಳಿದೆ. ಕರೆ, ಒಟಿಪಿ, ಹಿಟ್ಟು, ನಿನಗೆ ಬರೆದ ಮೊದಲ ಕಾಗದದಲ್ಲಿ ಅವರ ಬಗ್ಗೆ ಬಳಸಿದ ಮಾತು, ಯಾವುದನ್ನೂ ಬಿಡಲಿಲ್ಲ. ಕ್ಷಮಿಸಿ ಎಂದೆ. ನಾನು ಅವರಿಗಿಂತ ಇಪ್ಪತ್ತೈದು ವರ್ಷಕ್ಕೆ ದೊಡ್ಡವನು. ಆ ಮಾತು ಆಡಿ ಎಷ್ಟೋ ಕಾಲವಾಗಿತ್ತು.

ಅವರು ಕೂರಲು ಹೇಳಿದರು. ಚಹಾ ಮಾಡಿಕೊಟ್ಟರು. ಪುಡಿ ಯಾಕೆ ತರಿಸಿದಿರಿ ಎಂದು ಕೇಳಿದೆ. ಮನೆಯಲ್ಲಿ ಮುಗಿದಿತ್ತು, ಬೇರೆಯವರದ್ದು ಹಿಡಿಸಲಿಲ್ಲ ಎಂದರು. ನೀನು ಅದಕ್ಕೆ ಕಟ್ಟಿಕೊಂಡ ಅರ್ಥ ಯಾವುದೂ ಅವರ ಮನಸ್ಸಿನಲ್ಲಿ ಇದ್ದಂತಿರಲಿಲ್ಲ. ನಿನ್ನ ಮೆಸೇಜನ್ನು ಓದಿದ್ದಾರೆ. ಸೆಪ್ಟೆಂಬರಿನಲ್ಲಿ ಠಾಣೆಯ ಬೆಂಚಿನ ಮೇಲೆ ಕೂತಾಗ, ನೀನು ಈಗ ಬರುತ್ತೀ, ಈಗ ಬಂದು ಇವಳಲ್ಲ ಎನ್ನುತ್ತೀ ಎಂದು ಬಾಗಿಲು ನೋಡುತ್ತಿದ್ದರಂತೆ. ಇದನ್ನು ಗುರುರಾಜರು ಹೇಳಿದರು, ನಿರುಪಮಾ ಅವರಲ್ಲ.

ನಾನು ಏಳುವ ಹೊತ್ತಿಗೆ ನಿರುಪಮಾ ಅವರು ಒಂದೇ ಒಂದು ಮಾತು ಕೇಳಿದರು. ಅವರ ಮಾತಿನಲ್ಲೇ ಬರೆಯುತ್ತೇನೆ.

"ಸುಳ್ಳು ಹೇಳಿದವರು ನೀವು, ಮನೀ ಹುಡುಕ್ಕೊಂಡು ಬಂದ್ರಿ. ಅದನ್ನ ನಂಬಿದವರು ಯಾಕ ಬರಲಿಲ್ರಿ?"

ನಿನ್ನ ಪರವಾಗಿ ಏನಾದರೂ ಹೇಳೋಣವೆಂದು ಬಾಯಿ ತೆರೆದೆ. ಸುಗುಣಾಳಿಗೆ ಸಂಕೋಚ, ಅವಳ ಮನಸ್ಸು ನನಗೆ ಗೊತ್ತು, ಹೀಗೆ ಏನೋ. ಅವರು ಕೈ ಅಡ್ಡ ಹಿಡಿದು, "ನೀವು ಹೇಳಬ್ಯಾಡ್ರಿ" ಎಂದರು.

ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದೆ. ಭಾನುವಾರ ಅವರು ಮನೆಯಲ್ಲೇ ಇರುತ್ತಾರೆ. ವಿಳಾಸ ಆರ್ಡರಿನಲ್ಲೇ ಇದೆ.

ಮೋಹನದಾಸ